ಎಂಜಲಾಗದ ತಟ್ಟೆ

ಲಂಡನ್ನಿನ ಹೈಡ್ ಪಾರ್ಕಿನ ಮೂಲೆಯಲ್ಲಿ ಆಪ್ಸ್ಲಿ ಹೌಸ್ ಎಂಬ ಬಂಗಲೆಯಿದೆ. ‘ನಂಬರ್ ಒನ್, ಲಂಡನ್’ ಎಂದು ಬರೆದರೆ ಸಾಕು, ಟಪಾಲು ಬಂದು ತಲುಪುತ್ತಿತ್ತಂತೆ. ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ನನ ಮನೆ ಅದು. ಯುರೋಪಿನ ರಾಜರು ಸಾಲುಗಟ್ಟಿ ಕಳಿಸಿದ ಊಟದ ಸೆಟ್ಟುಗಳು ಅಲ್ಲಿನ ಗಾಜಿನ ಕಪಾಟುಗಳಲ್ಲಿ ಕೂತಿವೆ. ಅಂಚಿಗೆ ಬಂಗಾರ, ನಡುವೆ ಚಿತ್ರ, ಕೆಳಗೆ ವಿವರದ ಚೀಟಿ. ಶಿಕಾರಿಪುರದವರು ಅವನ್ನು ನೋಡಲು ಹೋದರೆ ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡಲೇಬೇಕು ಎಂಬುದು ನನ್ನ ವಾದ. ಆ ತಟ್ಟೆಗಳ ಮೊದಲ ಕಂತು ಕಟ್ಟಿದವರು ನಾವು.

ಹೇಗೆಂದರೆ, ಧೋಂಡಿಯಾ ವಾಘ್ ಎಂಬೊಬ್ಬನಿದ್ದ. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ. ಮೊದಲು ಹೈದರಾಲಿಯ ಕುದುರೆ ಪಡೆಯಲ್ಲಿ ನೌಕರಿ. ಆಮೇಲೆ ಯುದ್ಧದ ಗದ್ದಲದಲ್ಲಿ ನೌಕರಿ ಬಿಟ್ಟು ಸ್ವಂತ ಲೂಟಿ. ಟಿಪ್ಪು ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡು, ಮತಾಂತರ ಮಾಡಿಸಿ, ಶೇಖ್ ಅಹಮದ್ ಎಂದು ಹೆಸರಿಟ್ಟು, ಕೊನೆಗೆ ಸೆರೆಮನೆಗೆ ತಳ್ಳಿದ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ, ಸೆರೆಮನೆಯ ಬಾಗಿಲು ತೆರೆಯಿತು. ಧೋಂಡಿಯಾ ನೆಟ್ಟಗೆ ಬಿದನೂರು ಸೀಮೆಗೆ ಬಂದ. ಕೆಲಸ ಕಳೆದುಕೊಂಡ ಟಿಪ್ಪುವಿನ ಸೈನಿಕರನ್ನು ಕೂಡಿಸಿಕೊಂಡು ಶಿಕಾರಿಪುರವನ್ನೂ ಸುತ್ತಲಿನ ಕೋಟೆಗಳನ್ನೂ ಹಿಡಿದ. ಹಿಡಿದವನೇ ತನಗೆ ತಾನೇ ಬಿರುದು ಕೊಟ್ಟುಕೊಂಡ: ‘ಉಭಯ ಲೋಕಗಳ ದೊರೆ’. ಇಹದ್ದೂ ಸಾಲದು, ಪರದ್ದೂ ಬೇಕು. ಪಕ್ಷದ ಟಿಕೆಟ್ ಸಿಗುವ ಮೊದಲೇ ‘ಭಾವಿ ಮುಖ್ಯಮಂತ್ರಿ’ ಎಂದು ಫ್ಲೆಕ್ಸ್ ಹಾಕಿಸುವ ಚಾಳಿ ನಮ್ಮ ಕಡೆ ಯಾವಾಗ ಶುರುವಾಯಿತು ಎಂದು ಇತಿಹಾಸಕಾರರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. (ನಮ್ಮ ಫ್ಲೆಕ್ಸುಗಳು ಯಾವಾಗಲೂ ಸುಳ್ಳೇ ಆಗುವುದಿಲ್ಲ ಎಂಬುದೂ ನಿಜ. ಸೊರಬ ಬಂಗಾರಪ್ಪನವರನ್ನು ಕೊಟ್ಟಿತು, ಶಿಕಾರಿಪುರ ಯಡಿಯೂರಪ್ಪನವರನ್ನು. ಅಕ್ಕಪಕ್ಕದ ಎರಡು ತಾಲ್ಲೂಕು ಇಷ್ಟು ಮಾಡಿದ್ದೇ ಹೆಚ್ಚು.)

ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಅವನನ್ನು ಶಿಕಾರಿಪುರದಿಂದ ಅದೇ ವರ್ಷ ಓಡಿಸಿತು. ತುಂಗಭದ್ರೆ ದಾಟಿದ ಧೋಂಡಿಯಾ ಮರುವರ್ಷ ಇನ್ನೂ ದೊಡ್ಡ ದಂಡು ಕಟ್ಟಿಕೊಂಡ. ಆಗ ಬೆನ್ನಟ್ಟಿ ಹೊರಟವನು ಮೈಸೂರಿನಲ್ಲಿ ಕಂಪನಿ ಸೈನ್ಯದ ಉಸ್ತುವಾರಿ ನೋಡಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್. ಜಾವಾದ ಬಟಾವಿಯಾದ ಮೇಲೆ ದಂಡೆತ್ತಿ ಹೋಗುವ ಪಡೆಯ ನಾಯಕತ್ವ ಕೈಗೆ ಬಂದಿತ್ತು. ಅದನ್ನು ಬಿಟ್ಟುಕೊಟ್ಟು ಈ ‘ಉಭಯ ಲೋಕಗಳ ದೊರೆ’ಯ ಹಿಂದೆ ಬಿದ್ದ. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ತಾನೇ ಕುದುರೆ ಪಡೆಯ ಮುಂದೆ ನಿಂತು ನುಗ್ಗಿ, ಧೋಂಡಿಯಾನ ಎರಡನೆಯ ಲೋಕದ ಆಡಳಿತವನ್ನು ಅಂದೇ ಜಾರಿಗೆ ತಂದ. ವೆಲ್ಲೆಸ್ಲಿ ಸ್ವತಂತ್ರವಾಗಿ ನಡೆಸಿದ ಮೊದಲ ದೊಡ್ಡ ದಂಡಯಾತ್ರೆ ಇದು. ಈ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಆದ. ಅಂದರೆ ನೆಪೋಲಿಯನ್ನನಿಗೆ ಹೊಡೆಯುವ ಕೈಯನ್ನು ಪಳಗಿಸಿಕೊಂಡದ್ದು ನಮ್ಮವರ ಮೇಲೆ. ರಿಯಾಯಿತಿ ಕೇಳಿದ್ದು ತಪ್ಪೇ?

ಈಗ ತಟ್ಟೆಗೆ ಬರೋಣ.

1815ರಲ್ಲಿ ನೆಪೋಲಿಯನ್ ಬಿದ್ದದ್ದೇ ತಡ, ಯುರೋಪಿನ ದೊರೆಗಳಿಗೆಲ್ಲ ವೆಲಿಂಗ್ಟನ್ನನ ಮನೆಯಲ್ಲಿ ಪಾತ್ರೆಯೇ ಇಲ್ಲ ಎಂಬ ಚಿಂತೆ ಹತ್ತಿಕೊಂಡಿತು. ಪೋರ್ಚುಗಲ್ ಬೆಳ್ಳಿಯ ಸೆಟ್ಟು ಕಳಿಸಿತು, ಸುಮಾರು ಸಾವಿರ ಬಿಡಿಗಳದ್ದು. ಆಸ್ಟ್ರಿಯದ ಚಕ್ರವರ್ತಿ ವಿಯೆನ್ನಾದ ಪಿಂಗಾಣಿ ಕಳಿಸಿದ. ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ಬರ್ಲಿನ್ನಿನ ರಾಜ ಕಾರ್ಖಾನೆಯಲ್ಲಿ ಮಾಡಿಸಿ 1819ರಲ್ಲಿ ಕೊಟ್ಟದ್ದು ನಾನೂರಕ್ಕೂ ಮಿಕ್ಕಿದ ಬಿಡಿಗಳು. ಅದರ ಸಿಹಿತಿಂಡಿ ತಟ್ಟೆಗಳ ಮೇಲೆ ವೆಲಿಂಗ್ಟನ್ನನ ಜೀವನಚರಿತ್ರೆಯನ್ನೇ ಬರೆಸಿದರು: ಬಾಲ್ಯ, ಓದಿದ ಶಾಲೆ, ಭಾರತದ ದಿನಗಳು, ಸ್ಪೇನಿನ ಕದನಗಳು, ವಾಟರ್‌ಲೂ. ನೆಂಟರು ಹಣ್ಣು ತಿಂದು ಮುಗಿಸಿದಂತೆ ಯಜಮಾನರ ಪ್ರತಾಪ ತಳದಿಂದ ಮೇಲೇಳಬೇಕು. ಅಭಿನಂದನ ಗ್ರಂಥವನ್ನು ಯಾರೂ ಓದುವುದಿಲ್ಲ ಎಂಬುದು ಬರ್ಲಿನ್ನಿನವರಿಗೆ ಆಗಲೇ ಗೊತ್ತಿತ್ತು. ಅದಕ್ಕೇ ಊಟದ ಕೆಳಗೆ ಇಟ್ಟರು.

ಒಂದು ತೊಡಕಿದೆ. ಜೇಡಿಮಣ್ಣಿನಲ್ಲೇ ಕುಲೀನವಾದ ಕೇಯೊಲಿನ್ ಎಂಬ ಬಿಳಿಮಣ್ಣಿಗೆ ಕಲ್ಲುಪುಡಿ ಬೆರೆಸಿ, ಸುಮಾರು 1400 ಡಿಗ್ರಿ ಉರಿಯಲ್ಲಿ ಸುಟ್ಟರೆ ಪಿಂಗಾಣಿ. ಚಿತ್ರ ಬರೆಯುವುದು ಅದರ ಗಾಜಿನಂಥ ಮೆರುಗಿನ ಮೇಲೆ. ಬರೆದು ಮತ್ತೆ ಹದವಾದ ಉರಿಯಲ್ಲಿ ಸುಡುತ್ತಾರೆ, ಆಮೇಲೆ ಚಿನ್ನದ ಅಂಚನ್ನು ಅಕೀಕಿನ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಮೆರುಗಿನ ಮೇಲಿನ ಈ ಬಣ್ಣಕ್ಕೆ ಚಾಕು ಆಡಿಸಿದರೆ ಗೀರು ಬೀಳುತ್ತದೆ. ಜೋರಾಗಿ ಹಸಿದ ನೆಂಟ ಒಬ್ಬ ಬಂದು ಮನಸಾರೆ ಉಂಡನೆಂದರೆ ವೆಲಿಂಗ್ಟನ್ನನ ಮೂಗೇ ಹೋಯಿತು. ಹಾಗಾಗಿ ಈ ಜಾತಿಯ ತಟ್ಟೆಗೆ ಮೊದಲ ಶತ್ರು ಹಸಿವು. ಮೊದಮೊದಲು ಅದರಲ್ಲಿ ಯಾರಾದರೂ ಉಂಡಿದ್ದರೂ ಉಂಡಿರಬಹುದು. ಗೌರವ ಏರಿದಂತೆ ತಟ್ಟೆ ಗಾಜಿನೊಳಗೆ ಹೋಯಿತು, ಅನ್ನ ಹೊರಗೆ ಉಳಿಯಿತು.

ಕೊಟ್ಟವರ ಕಥೆ ಇನ್ನೂ ರುಚಿಯಾಗಿದೆ. ವಾಟರ್‌ಲೂ ದಿನ ಇಳಿಹೊತ್ತಿಗೆ ಬ್ಲೂಷರನ ಪ್ರಷ್ಯ ಸೈನ್ಯ ಬಂದು ಕೂಡಿಕೊಳ್ಳದಿದ್ದರೆ ವೆಲಿಂಗ್ಟನ್ನನ ಕಥೆ ಏನಾಗುತ್ತಿತ್ತೋ. ಹಾಗಿದ್ದೂ ಅರ್ಧ ಗೆಲುವಿಗೆ ಹೆಗಲು ಕೊಟ್ಟ ಪ್ರಷ್ಯವೇ ಇನ್ನೊಬ್ಬನ ಜೀವನಚರಿತ್ರೆಯನ್ನು ತಟ್ಟೆಯ ಮೇಲೆ ಬರೆಸಿಕೊಟ್ಟಿತು. ಸಮ್ಮಿಶ್ರ ಸರ್ಕಾರದ ಪಾಲುದಾರರು ಒಬ್ಬರಿಗೊಬ್ಬರು ತಟ್ಟೆ ಕೊಟ್ಟದ್ದನ್ನು ನಾವು ನೋಡಿಲ್ಲ. ಉಣ್ಣುವಾಗ ಎಳೆದುಕೊಂಡದ್ದನ್ನು ನೋಡಿದ್ದೇವೆ.

ಸ್ಯಾಕ್ಸನಿಯ ದೊರೆಯದು ಇನ್ನೊಂದು ಬಗೆ. ಫ್ರೆಡರಿಕ್ ಅಗಸ್ಟಸ್ ಮಹಾರಾಯ 1813ರ ತನಕ ನೆಪೋಲಿಯನ್ನನ ಪಕ್ಕದಲ್ಲಿ ಭದ್ರವಾಗಿ ಕೂತಿದ್ದವನು. ಲೈಪ್ಜಿಗ್ ಕದನದಲ್ಲಿ ಸೋತು ಸೆರೆಸಿಕ್ಕ. 1815ರಲ್ಲಿ ಗೆದ್ದವರೆಲ್ಲ ವಿಯೆನ್ನಾದಲ್ಲಿ ಕೂತು ಅವನ ನಾಡಿನ ಅರ್ಧಕ್ಕಿಂತ ಹೆಚ್ಚು ನೆಲವನ್ನು ಪ್ರಷ್ಯಕ್ಕೆ ಬರೆದುಕೊಟ್ಟರು. ಉಳಿದ ನೆಲ ಉಳಿಸಿಕೊಳ್ಳುವುದು ಹೇಗೆ? ಮೈಸನ್ನಿನ ತನ್ನ ಹೆಸರಾಂತ ಕಾರ್ಖಾನೆಗೆ ಹೇಳಿ, ತನ್ನ ಪಕ್ಷವನ್ನು ಸೋಲಿಸಿದ ಮನುಷ್ಯನ ವಿಜಯಗಳನ್ನೇ ತಟ್ಟೆಗಳ ಮೇಲೆ ಚೆಂದವಾಗಿ ಬರೆಸಿ, ಅವನ ಮನೆಗೇ ಕಳಿಸಿಕೊಟ್ಟ. ಗೆದ್ದೆತ್ತಿನ ಬಾಲ ಹಿಡಿಯುವವರನ್ನು ನಾವೂ ಕಂಡಿದ್ದೇವೆ. ಆದರೆ ಬಾಲಕ್ಕೆ ಚಿನ್ನದ ಅಂಚು ಕಟ್ಟಿಸಿದವನು ಇವನೊಬ್ಬ.

ವಂಶದ ಗುಣ ಎನ್ನಬೇಕು. ಇವನ ಹಿಂದಿನವನೊಬ್ಬ, ಅಗಸ್ಟಸ್ ದಿ ಸ್ಟ್ರಾಂಗ್, ಪಿಂಗಾಣಿಯ ಹುಚ್ಚು ಹಿಡಿದು 1717ರಲ್ಲಿ ಪ್ರಷ್ಯದ ದೊರೆಯಿಂದ 151 ಪಿಂಗಾಣಿ ಪಾತ್ರೆಗಳನ್ನು ತರಿಸಿಕೊಂಡ. ಬೆಲೆಯಾಗಿ ಕೊಟ್ಟದ್ದು ಹಣವಲ್ಲ. 600 ಮಂದಿ ಸೈನಿಕರು. ಕುದುರೆ ಸವಾರರು ಅವರು, ಆದರೆ ಕುದುರೆಗಳನ್ನು ಮನೆಯಲ್ಲೇ ಇಟ್ಟುಕೊಂಡು ಬರೀ ಸವಾರರನ್ನು ದಾಟಿಸಿದ. ನಮ್ಮಲ್ಲಿ ಶಾಸಕರನ್ನು ರೆಸಾರ್ಟಿಗೆ ಸಾಗಿಸಿದರೆ ಅದನ್ನು ಕುದುರೆ ವ್ಯಾಪಾರ ಎಂದು ಕರೆದು ಕುದುರೆಗಳ ಮಾನ ಕಳೆಯುತ್ತೇವೆ. ನಿಜವಾದ ಅನುಭವಿಗಳು ಕುದುರೆಯನ್ನು ಮಾರುವುದಿಲ್ಲ.

ಫ್ರಾನ್ಸಿನ ಉಡುಗೊರೆಯನ್ನು ಮಾತ್ರ ನಮ್ಮ ಮದುವೆ ಮನೆಗಳಲ್ಲಿ ಪಳಗಿದ ಹೆಂಗಸರೇ ಸರಿಯಾಗಿ ಬೆಲೆಕಟ್ಟಬಲ್ಲರು. ನೆಪೋಲಿಯನ್ ತನ್ನ ಹೆಂಡತಿ ಜೋಸೆಫೀನಳನ್ನು ಬಿಟ್ಟಾಗ ಸಮಾಧಾನಕ್ಕೆಂದು ಸೆವ್ರೆ ಕಾರ್ಖಾನೆಯಲ್ಲಿ ಒಂದು ಊಟದ ಸೆಟ್ಟು ಮಾಡಿಸಿದ. ಮೇಜಿನ ನಡುವೆ ಸಾಲಾಗಿ ಜೋಡಿಸಲು ಈಜಿಪ್ಟಿನ ಗುಡಿಗಳೇ ಪಿಂಗಾಣಿಯಲ್ಲಿ. ತಟ್ಟೆಗಳಲ್ಲಿ ಆ ದೇಶದ ಪಾಳು ಗೋಪುರಗಳು. ಗಂಡ ಬಿಟ್ಟವಳಿಗೆ ಪಾಳುಗುಡಿಯ ಚಿತ್ರ ಕಳಿಸುವ ಜಾಣತನಕ್ಕೆ ಏನು ಹೇಳೋಣ. ಆಕೆ ನೋಡಿ, ಬೇಡ ಎಂದು ವಾಪಸು ಕಳಿಸಿದಳು. ಸೆಟ್ಟು ಕಾರ್ಖಾನೆಯಲ್ಲೇ ಉಳಿಯಿತು. ಮುಂದೆ ಪಟ್ಟಕ್ಕೆ ಬಂದ ಹದಿನೆಂಟನೆಯ ಲೂಯಿಗೆ ವೆಲಿಂಗ್ಟನ್ನನಿಗೆ ಏನಾದರೂ ಕೊಡಬೇಕು, ಖಜಾನೆ ನೋಡಿದರೆ ಬರಿದು. ಅಟ್ಟ ಹುಡುಕಿಸಿದ. 1818ರಲ್ಲಿ ಅದೇ ಸೆಟ್ಟು ಲಂಡನ್ನಿನ ದಾರಿ ಹಿಡಿಯಿತು. ಮದುವೆಗೆ ಬಂದ ಗೋಡೆ ಗಡಿಯಾರ, ಪ್ಯಾಕೆಟ್ ಬಿಚ್ಚದ ರವಿಕೆ ಕಣ ಮನೆಯಿಂದ ಮನೆಗೆ ಸುತ್ತಿ ಕಡೆಗೆ ಕೊಟ್ಟವರ ಮನೆಗೇ ಬರುವುದನ್ನು ಕಂಡವರಿಗೆ ಇದೇನು ಹೊಸದಲ್ಲ. ಸೋತವನ ಮಾಜಿ ಹೆಂಡತಿ ಒಲ್ಲೆನೆಂದ ಪಾತ್ರೆ ಗೆದ್ದವನ ಮನೆಯಲ್ಲಿ ರಾಜಮರ್ಯಾದೆ!

ಸೆವ್ರೆ ಎಂದಾಗ ನೆನಪಾಯಿತು. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ವರ್ಸೇಲ್ಸಿಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡು ಬಂದಾಗ ಅವರ ಗಂಟಿನಲ್ಲೂ ಅದೇ ಕಾರ್ಖಾನೆಯ ಪಿಂಗಾಣಿ ಇತ್ತು. ಕೇಳಿದ್ದು ಸೈನ್ಯದ ನೆರವು, ಸಿಕ್ಕಿದ್ದು ಕಪ್ಪು ಸಾಸರು. ಕೊಟ್ಟವನ ತಲೆ 1793ರಲ್ಲಿ ಹೋಯಿತು, ತರಿಸಿಕೊಂಡವನ ರಾಜ್ಯ 1799ರಲ್ಲಿ. ಇದ್ದಷ್ಟು ದಿನ ಶ್ರೀರಂಗಪಟ್ಟಣದ ಅರಮನೆಯಲ್ಲಿ ಪಿಂಗಾಣಿ, ಸೆರೆಮನೆಯಲ್ಲಿ ನಮ್ಮ ಧೋಂಡಿಯಾ. ಎರಡನ್ನೂ ಹುಷಾರಾಗಿ ಕಾಪಾಡಿಟ್ಟಿದ್ದರು.

ದೂರದ ದೊರೆಗಳನ್ನು ಆಡಿಕೊಳ್ಳುವುದು ಸುಲಭ. ತಾಲ್ಲೂಕು ಕೇಂದ್ರದ ಯಾವುದಾದರೂ ಸಭಾಭವನಕ್ಕೆ ಒಂದು ಭಾನುವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ವೇದಿಕೆಯ ಮೇಲೆ ಸನ್ಮಾನಿತರು ಏಳು ಜನ. ಶಾಲು ಏಳು, ಪೇಟ ಏಳು, ಅಕ್ರಿಲಿಕ್ಕಿನ ನೆನಪಿನ ಕಾಣಿಕೆ ಏಳು, ಹಣ್ಣಿನ ಬುಟ್ಟಿ ಮಾತ್ರ ಒಂದು. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಮೇಲೆ ಕೆಂಪು ರಿಬ್ಬನ್ ಕಟ್ಟಿದ್ದಾರೆ. ಎದುರಿಗೆ ಕಾಣುವ ಸೇಬು ಕೆಂಪಗಿದೆ, ತಳದ್ದು ದೇವರಿಗೇ ಗೊತ್ತು. ಮೊದಲನೆಯವರ ಮಡಿಲಿಗೆ ಬುಟ್ಟಿ ಇಡುತ್ತಾರೆ, ಫೋಟೊ ತೆಗೆಯುತ್ತಾರೆ. ಅವರು ಅದನ್ನು ಅಪ್ಪಿಕೊಂಡು ಕೂರಲು ಹೋದರೆ ಕಾರ್ಯದರ್ಶಿ ಕಿವಿಯ ಹತ್ತಿರ ಬಗ್ಗಿ, “ಸಾರ್, ಬುಟ್ಟಿ ಬಿಡಿ, ಮುಂದಿನವ್ರಿಗೆ ಬೇಕು” ಎನ್ನುತ್ತಾನೆ. ಏಳು ಮಡಿಲು ಏರಿ ಇಳಿದ ಬುಟ್ಟಿ ಕೊನೆಗೆ ಮೈಕಿನ ಪೆಟ್ಟಿಗೆಯ ಹಿಂದೆ ಸೇರುತ್ತದೆ. ಅಧ್ಯಕ್ಷರ ಕಾರಿನ ಡಿಕ್ಕಿಗೆ ಹೋಯಿತು ಎಂದು ಕೆಲವರು ಹೇಳುತ್ತಾರೆ, ನಾನು ನಂಬುವುದಿಲ್ಲ. ಇನ್ನೊಂದು ಸಭೆಗೆ ಹೋಗಿರುತ್ತದೆ.

ಇಷ್ಟೆಲ್ಲ ಮಾಡುವ ನಮ್ಮ ಸೀಮೆಯಲ್ಲೇ ಯಾವ ರಾಜನ ಕಾರ್ಖಾನೆಯಿಂದಲೂ ಬಾರದ ಒಂದು ಚಿತ್ರದ ಪಾತ್ರೆಯಿದೆ. ಸೊರಬ, ಸಾಗರದ ಕಡೆ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಸಿದ್ಧವಾಗುವ ಭೂಮಣ್ಣಿ ಬುಟ್ಟಿ. ದಸರಾ ಕಳೆಯುತ್ತಲೇ ಹೆಂಗಸರು ಬಿದಿರ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚುತ್ತಾರೆ. ಅಕ್ಕಿ ನೆನೆಸಿ ಅರೆದ ಹಿಟ್ಟೇ ಬಿಳಿ ಬಣ್ಣ, ಪುಂಡಿ ನಾರೇ ಕುಂಚ. ಕೂದಲೆಳೆಯಂಥ ಗೆರೆಗಳಲ್ಲಿ ಭತ್ತದ ಸಸಿ, ಏಣಿ, ಎತ್ತು, ಮನುಷ್ಯರು. ಗೆರೆ ಎಳೆಯುವಾಗ ಮಾತಾಡಿಸಿದರೆ ಉತ್ತರ ಬರುವುದಿಲ್ಲ. ಉಸಿರು ಆಡಿದರೆ ಗೆರೆ ಸೊಟ್ಟ. ಹುಣ್ಣಿಮೆಯ ರಾತ್ರಿಯಿಡೀ ಅಡುಗೆ: ಕಡುಬು, ಚಿತ್ರಾನ್ನ, ಮೊಸರನ್ನ, ಪಲ್ಯ. ಬೆಳಕು ಹರಿಯುವ ಮುಂಚೆ ಎಲ್ಲವನ್ನೂ ಆ ಬುಟ್ಟಿಗೆ ತುಂಬಿ ತಲೆಯ ಮೇಲಿಟ್ಟು ಗದ್ದೆಗೆ ನಡೆಯುತ್ತಾರೆ. ಹೊಡೆ ತುಂಬಿದ ಭತ್ತ ಬಸುರಿ. ಅದಕ್ಕೆ ಬಯಕೆ ಊಟ. ಪೈರಿಗೆ ಎಡೆ, ಕಾಗೆಗೆ ಎಡೆ, ಉಳಿದದ್ದು ಬದುವಿನ ಮೇಲೆ ಕೂತ ಮನೆಮಂದಿಗೆ. ಚಿತ್ರಕ್ಕೆ ಸಾರು ತಾಗುತ್ತದೆ, ಮಂಜು ತಾಗುತ್ತದೆ, ಮಕ್ಕಳ ಕೈ ತಾಗುತ್ತದೆ. ಮಾಸಿದರೆ ಮುಂದಿನ ವರ್ಷ ಮತ್ತೆ ಕೆಮ್ಮಣ್ಣು, ಮತ್ತೆ ಅಕ್ಕಿ ಹಿಟ್ಟು. ಬರೆದವಳ ಹೆಸರು ಬುಟ್ಟಿಯ ಮೇಲೆ ಇರುವುದಿಲ್ಲ. ಗೆದ್ದವನ ಹೆಸರೂ ಇರುವುದಿಲ್ಲ. ಅಲ್ಲಿ ಯಾರೂ ಗೆದ್ದಿರುವುದಿಲ್ಲ.

ಸಂತೋಷದ ಸುದ್ದಿಯೆಂದರೆ ಆ ಬುಟ್ಟಿಗೂ ಈಗ ಮಾನ್ಯತೆ ಬಂದಿದೆ. ಮಂತ್ರಿಗಳು ಬಂದಾಗ ಕೊಡಲು ಚಿತ್ತಾರ ಬರೆಸುತ್ತಾರೆ; ಅಕ್ಕಿ ಹಿಟ್ಟು ಉದುರುತ್ತದೆಂದು ಅಕ್ರಿಲಿಕ್ ಬಣ್ಣ, ಧೂಳು ಕೂರುತ್ತದೆಂದು ವಾರ್ನಿಶ್, ಅದರ ಮೇಲೆ ಗಾಜಿನ ಚೌಕಟ್ಟು. ಕಡುಬು ಹೊತ್ತ ಗೆರೆಗಳು ಚಹಾ ಕಪ್ಪಿನ ಮೇಲೂ ಬಂದು ಕೂತಿವೆ. ಬಸುರಿ ಭತ್ತ ವಿಧಾನಸೌಧದ ಕಡೆ ಹೊರಟಿತು ಎಂದರೆ ಅದಕ್ಕೆ ಬಯಕೆ ಊಟ ತಪ್ಪಿತೆಂದೇ ಲೆಕ್ಕ.

ಊಟದ ಮಾತು ಬಂತಲ್ಲ, ಬಳ್ಳಿಗಾವಿಗೆ ಹೋಗಿ ಬರೋಣ, ಶಿಕಾರಿಪುರ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯ ಮಠದ 1162ರ ಶಾಸನವೊಂದು ಆ ಮಠದಲ್ಲಿ ಯಾರು ಯಾರಿಗೆ ಊಟ ಸಿಗುತ್ತಿತ್ತು ಎಂಬ ಪಟ್ಟಿ ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯದವರು, ಕುಣಿಯುವವರು, ಬೇರೆ ಮತದ ಸನ್ಯಾಸಿಗಳು. ಕಾಯಿಲೆಯವರಿಗೆ ಔಷಧಿ ಬೇರೆ. ಯಾವ ತಟ್ಟೆಯಲ್ಲಿ ಬಡಿಸಿದರು ಎಂದು ಒಂದಕ್ಷರ ಇಲ್ಲ. ಎಲೆಯೇ ಇದ್ದಿರಬೇಕು, ಉಂಡ ಎಲೆಯನ್ನು ಗಾಜಿನ ಕಪಾಟಿನಲ್ಲಿ ಇಟ್ಟು ಎಂಟುನೂರು ವರ್ಷ ಟಿಕೆಟ್ ಹಾಕಲು ಬರುವುದಿಲ್ಲ ನೋಡಿ, ಅಲ್ಲೇ ನಾವು ಹಿಂದೆ ಬಿದ್ದೆವು. ಬೀರಿದ ಪರಾಕ್ರಮವೂ ನಮ್ಮಲ್ಲಿ ಕಡಿಮೆಯೇನಿಲ್ಲ, ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಊರೂರಲ್ಲಿ ವೀರಗಲ್ಲುಗಳಿವೆ. ಆದರೆ ಅವುಗಳ ಮೇಲೆ ಇರುವುದು ತುರು ಕಾಯಲು ಹೋಗಿ ಸತ್ತವನ ಚಿತ್ರ. ಕೊಂದವನನ್ನು ಹೊಗಳಲು ಕಲ್ಲಿಗಿಂತ ಪಿಂಗಾಣಿಯೇ ಲಾಯಕ್ಕು ಎಂಬ ಬುದ್ಧಿ ನಮ್ಮ ಶಿಲ್ಪಿಗಳಿಗೆ ಹೊಳೆಯಲಿಲ್ಲ. ಆ ಕಲ್ಲುಗಳ ಮೇಲೆ ಈಗ ಬಟ್ಟೆ ಒಗೆಯುತ್ತಾರಲ್ಲ ಎಂದು ಸಿಟ್ಟಾಗುವವರಿದ್ದಾರೆ. ಅವರ ಸಿಟ್ಟು ನ್ಯಾಯವೇ. ಕೆರೆ ಏರಿಯ ಮೇಲೆ ಬೇರೆ ಒಗೆಯುವ ಕಲ್ಲು ಹಾಕಿಸಿಕೊಟ್ಟು ಸಿಟ್ಟಾದರೆ ಇನ್ನೂ ನ್ಯಾಯ.

ಎಲೆ ಹೋಗಿ ಈಗ ಅಡಿಕೆ ಹಾಳೆಯ ತಟ್ಟೆ ಬಂದಿದೆ. ಮಲೆನಾಡಿನ ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಹಾಳೆಯನ್ನು ತೊಳೆದು, ಯಂತ್ರದಲ್ಲಿ ಒತ್ತಿ, ಹೊರದೇಶಕ್ಕೂ ಕಳಿಸಿದರು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಡಿಕೆ ಮರದ ವಿಷಾಂಶ ಊಟಕ್ಕೆ ಇಳಿಯಬಹುದು, ಈ ತಟ್ಟೆ ಬಳಸಕೂಡದು ಎಂದಿತು. ಅಡಿಕೆಯನ್ನೇ ದಿನವಿಡೀ ಅಗಿಯುವ ನಮಗೆ ಹಾಳೆಯ ವಿಷ ತಿಳಿಸಲು ಅಮೆರಿಕ ಬೇಕಾಯಿತು. ಒಟ್ಟಿನಲ್ಲಿ ಉಂಡರೆ ತಟ್ಟೆಗೆ ಕೇಸು, ಉಣ್ಣದಿದ್ದರೆ ಮ್ಯೂಸಿಯಂ.

ಹೀಗಾಗಿ ನನ್ನದೊಂದು ಪ್ರಸ್ತಾವ. ಶಿಕಾರಿಪುರದ್ದೇ ಆದ ಒಂದು ರಾಜಯೋಗ್ಯ ಪಿಂಗಾಣಿ ಸೆಟ್ಟು ಮಾಡಿಸಬೇಕು. ಸೊರಬವೂ ಖರ್ಚು ಹಂಚಿಕೊಳ್ಳಲಿ. ಬರ್ಲಿನ್ನಿನವರು ವೆಲಿಂಗ್ಟನ್ನನ ಬದುಕು ಬರೆಸಿದರು, ನಾವು ಧೋಂಡಿಯಾನದು ಬರೆಸೋಣ. ಚನ್ನಗಿರಿಯ ಹುಟ್ಟು ಒಂದು ತಟ್ಟೆ, ಸೆರೆಮನೆ ಒಂದು, ಶಿಕಾರಿಪುರದ ಕೋಟೆ ಒಂದು, ಕೋನಗಲ್ಲು ಒಂದು. ನನ್ನ ಕೈಗೆ ಕುಂಚ ಕೊಟ್ಟರೆ ಕೊನೆಯ ತಟ್ಟೆಗೆ ಸಲಾಬತ್ ಖಾನನನ್ನು ಬರೆಯುತ್ತೇನೆ. ಕೋನಗಲ್ಲಿನ ಕದನ ಮುಗಿದ ಮೇಲೆ ಸಾಮಾನು ಸರಂಜಾಮಿನ ನಡುವೆ ಸಿಕ್ಕಿದ, ಧೋಂಡಿಯಾ ಸಾಕಿದ ನಾಲ್ಕು ವರ್ಷದ ಹುಡುಗ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದು, ಅವನ ಬದುಕಿಗೆಂದು ಹಣ ಇಟ್ಟ. ಹುಡುಗ ಬೆಳೆದು ಮೈಸೂರು ಅರಸರ ಕೆಲಸಕ್ಕೆ ಸೇರಿ 1822ರಲ್ಲಿ ಕಾಲರಾದಿಂದ ಸತ್ತ. ಬೈಯಬೇಕೆಂದು ಹೊರಟ ಮನುಷ್ಯ ಇಂಥದ್ದೊಂದು ಮಾಡಿಟ್ಟು ಹೋದರೆ ಅಂಕಣ ಬರೆಯುವವರಿಗೆ ಬಲು ತೊಂದರೆ.

ಸಮಿತಿ ರಚನೆಯಾದರೆ ಸಭೆ ಹೇಗೆ 	ನಡೆಯುತ್ತದೆ ಎಂಬುದು ನನಗೆ ಈಗಲೇ ಕಾಣುತ್ತಿದೆ. ಧೋಂಡಿಯಾನ ಮುಖ ಹೇಗಿರಬೇಕು ಎಂಬಲ್ಲಿಗೆ ಮೊದಲ ದಿನವೇ ಗಾಡಿ ನಿಲ್ಲುತ್ತದೆ. ಮರಾಠನಾಗಿ ಹುಟ್ಟಿದವನು, ನಾಮ ಇರಲಿ ಎಂದು ಒಬ್ಬರು. ಶೇಖ್ ಅಹಮದ್ ಆದವನು, ಗಡ್ಡ ಇರಲಿ ಎಂದು ಇನ್ನೊಬ್ಬರು. ಸ್ವಾತಂತ್ರ್ಯ ಹೋರಾಟಗಾರ ಎಂದು ಒಂದು ಗುಂಪು, ದರೋಡೆಕೋರ ಎಂದು ಇನ್ನೊಂದು ಗುಂಪು, ನಮ್ಮ ಜಿಲ್ಲೆಯವನೇ ಅಲ್ಲ, ಚನ್ನಗಿರಿ ಈಗ ದಾವಣಗೆರೆಗೆ ಸೇರಿದೆ ಎಂದು ಮೂರನೆಯ ಗುಂಪು. ಗಲಾಟೆ ಮಿತಿಮೀರಿದಾಗ ಅಧ್ಯಕ್ಷರು ಕೈ ಮುಗಿದು, ಮುಖವೇ ಬೇಡ, ಬರೀ ಕುದುರೆ ಬರೆಸೋಣ ಎನ್ನುತ್ತಾರೆ. ಕುದುರೆಗೆ ಎಲ್ಲರ ಒಪ್ಪಿಗೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಎದ್ದು, ಜೀನಿನ ಬಟ್ಟೆ ಹಸಿರೋ ಕೇಸರಿಯೋ ಎಂದು ಕೇಳುತ್ತಾರೆ.

“ಕುದುರೆನೂ ಬೇಡ ಮಾರಾಯ್ರೆ,” ಎನ್ನುತ್ತಾರೆ ಅಧ್ಯಕ್ಷರು, “ಲದ್ದಿ ಬರ್ಸಿ. ಅದಕ್ಕೆ ಯಾರ ತಕರಾರೂ ಇರಲ್ಲ.”

“ಸಾರ್,” ಗುತ್ತಿಗೆದಾರ ಗಾಬರಿಯಾಗುತ್ತಾನೆ, “ಊಟದ ತಟ್ಟೆ ಮೇಲೆ ಲದ್ದಿಯಾ?”

“ಅದ್ರಲ್ಲಿ ಉಣ್ಣೋರು ಯಾರ್ರೀ?”